ಶಾಲೆಗೆ ಮುನ್ನವೇ ಮೊದಲ ಪಾಠ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯಿದೆ. ಆದರೆ ಬಾಯಿ ಸಂಪಾದಿಸಲೆಂದೇ ಪರದೇಶಕ್ಕೆ ಹೊರಟವರ ಗತಿಯೇನು? ಅವರು ಕಲಿಯಬೇಕಾದ ಮಾತು ಇರುವುದು ಶಾಲೆಯಲ್ಲಿ. ಅದು ಮೊದಲು ಬೇಕಾಗುವುದು ಮಾತ್ರ ಶಾಲೆಗೆ ಹೋಗುವ ದಾರಿಯಲ್ಲಿ!

ಹಾಸನದ ಕಡೆಯ ಹುಡುಗಿಯೊಬ್ಬಳು ಜಪಾನಿ ಕಲಿಯಲು ಟೋಕಿಯೊಗೆ ಹೊರಟಿದ್ದಾಳೆ ಎಂದುಕೊಳ್ಳಿ. ಅಪ್ಪ ಬ್ಯಾಂಕಿನಲ್ಲಿ ಸಾಲ ಎತ್ತಿದ್ದಾರೆ. ಅಮ್ಮ ಚಟ್ನಿಪುಡಿ ಕಟ್ಟಿಕೊಟ್ಟಿದ್ದಾರೆ. ನೆಂಟರಿಷ್ಟರೆಲ್ಲ ಕೇಳುವುದು ಒಂದೇ: 'ಅಲ್ಲಿ ಕರೆದುಕೊಂಡು ಹೋಗೋಕೆ ಯಾರು ಬರ್ತಾರಮ್ಮ?' 'ಸ್ಕೂಲಿನವರು ಯಾರಾದರೂ ಬರಬಹುದು' ಎನ್ನುತ್ತಾಳೆ ಅವಳು. ಈ 'ಬರಬಹುದು' ಎಂಬುದೇ ಅಪಾಯದ ಪದ. ಕೆಲವು ಶಾಲೆಗಳು ಜನ ಕಳಿಸುತ್ತವೆ, ಕೆಲವು ಅದಕ್ಕೆ ಬೇರೆ ಹಣ ಕೇಳುತ್ತವೆ, ಉಳಿದವು ಒಂದು ನಕ್ಷೆ ಕಳಿಸಿ ಸುಮ್ಮನಾಗುತ್ತವೆ. ತನ್ನ ಶಾಲೆ ಇದರಲ್ಲಿ ಯಾವ ಜಾತಿಯದೆಂದು ಹೊರಡುವ ಮುಂಚೆಯೇ ಬರಹದಲ್ಲಿ ಕೇಳಿ ತಿಳಿಯುವುದು ಜಾಣತನ.

1978ರಲ್ಲಿ ಶುರುವಾದ ನರಿತಾ ವಿಮಾನ ನಿಲ್ದಾಣ ಹೆಸರಿಗೆ ಟೋಕಿಯೊದ್ದು. ಇರುವುದು ನಗರದಿಂದ ಸುಮಾರು 60 ಕಿಲೋಮೀಟರ್ ಆಚೆ, ಪಕ್ಕದ ಚಿಬಾ ಪ್ರಾಂತ್ಯದಲ್ಲಿ. ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಬರುವ ದೂರದ ಒಂದೂವರೆ ಪಟ್ಟು. ಟ್ಯಾಕ್ಸಿ ಹಿಡಿದರೆ 20,000 ಯೆನ್ ಮೀರುವುದೇ ಹೆಚ್ಚು. ಸಾಲದ ದುಡ್ಡಿಗೆ ಅದು ಒಗ್ಗುವ ಬಾಬತ್ತಲ್ಲ.

ವಿಮಾನ ಇಳಿದ ಕೂಡಲೇ ಎದುರಾಗುವುದು ಅಧಿಕಾರಿಯ ಮೇಜು. ಬೆರಳಚ್ಚು, ಫೋಟೊ ಮುಗಿದ ಮೇಲೆ ಅಲ್ಲಿಯೇ ವಾಸದ ಕಾರ್ಡ್ ಕೈಗೆ ಬರುತ್ತದೆ. 2012ರ ಜುಲೈನಿಂದ ಬಂದ ಪದ್ಧತಿ ಇದು. ವಾರಕ್ಕೆ 28 ಗಂಟೆಯವರೆಗೆ ದುಡಿಯಲು ಅನುಮತಿ ಕೋರುವ ಅರ್ಜಿಯನ್ನೂ ಹೊಸ ವಿದ್ಯಾರ್ಥಿಗಳು ಅಲ್ಲಿಯೇ ಕೊಡಬಹುದು. ನಿದ್ದೆಗಣ್ಣಿನಲ್ಲಿ ಇದನ್ನು ಮರೆತು ಹೊರಬಂದರೆ ಮುಂದೆ ವಲಸೆ ಕಚೇರಿಯ ಸಾಲಿನಲ್ಲಿ ನಿಲ್ಲಬೇಕು. ಸಾಲದ ಕಂತು ನೆನಪಿರುವವರು ಮರೆಯುವಂತಿಲ್ಲ.

ಮುಂದೆ ರೈಲು. ಭಾಷಾಶಾಲೆಗಳು ಹೆಚ್ಚಾಗಿರುವ ಬಡಾವಣೆಗಳಲ್ಲಿ ತಕದನೊಬಾಬಾ ಒಂದು. ವಿದ್ಯಾರ್ಥಿಗಳ ಬಾಯಲ್ಲಿ ಬರಿಯ 'ಬಾಬಾ'. ಯಾವ ಬಾಬಾನಿಗೂ ಇದಕ್ಕೂ ಸಂಬಂಧವಿಲ್ಲ. ಜಪಾನಿಯಲ್ಲಿ ಬಾಬಾ ಎಂದರೆ ಕುದುರೆ ಓಡಿಸುವ ಬಯಲು. ನರಿತಾದಿಂದ ಕೇಸೇ ಕಂಪನಿಯ ವೇಗದ ರೈಲು ಸ್ಕೈಲೈನರ್ ಸುಮಾರು 40 ನಿಮಿಷದಲ್ಲಿ ನಿಪ್ಪೊರಿ ಮುಟ್ಟಿಸುತ್ತದೆ. ದರ 2,500 ಯೆನ್ನಿನ ಮೇಲೆ. ಅದೇ ಕಂಪನಿಯ ಸಾಧಾರಣ ರೈಲಿಗೆ ಸಾವಿರ ಯೆನ್ ಚಿಲ್ಲರೆ; ಅರ್ಧ ಗಂಟೆಯಷ್ಟು ಹೆಚ್ಚು ಹೊತ್ತು ಹಿಡಿದೀತು. ನಿಪ್ಪೊರಿಯಲ್ಲಿ ಇಳಿದು ಊರನ್ನು ಸುತ್ತುವ ಯಾಮಾನೊತೆ ರೈಲು ಹತ್ತಬೇಕು. ಅದರ ನಿಲ್ದಾಣಗಳಿಗೆ ಈಗ ಸಂಖ್ಯೆಗಳಿವೆ. ನಿಪ್ಪೊರಿ 7, ತಕದನೊಬಾಬಾ 15. ಅಕ್ಷರ ಬಾರದಿದ್ದರೂ ಅಂಕಿ ಏರುತ್ತ ಹೋಗುತ್ತಿದ್ದರೆ ದಾರಿ ಸರಿ, ಇಳಿಯುತ್ತಿದ್ದರೆ ತಪ್ಪು. ತಪ್ಪಿದರೂ ಎದೆಗುಂದಬೇಕಿಲ್ಲ. ಅದು ವೃತ್ತದ ದಾರಿ. ಒಂದು ಗಂಟೆ ಸುತ್ತಿಸಿ ಹತ್ತಿದಲ್ಲಿಗೇ ತಂದು ಬಿಡುತ್ತದೆ.

ದೊಡ್ಡ ಪೆಟ್ಟಿಗೆಯದೇ ತೊಂದರೆ. ಅದಕ್ಕೆ 1976ರಲ್ಲಿ ಶುರುವಾದ 'ತಕ್ಯೂಬಿನ್' ಇದೆ. ನಿಲ್ದಾಣದ ಕೌಂಟರಿನಲ್ಲಿ ಪೆಟ್ಟಿಗೆ ಒಪ್ಪಿಸಿ ವಿಳಾಸ ಬರೆದುಕೊಟ್ಟರೆ ಸಾಮಾನ್ಯವಾಗಿ ಮರುದಿನ ಮನೆ ಬಾಗಿಲಿಗೆ ಬರುತ್ತದೆ. ಒಂದು ರಾತ್ರಿಗೆ ಬೇಕಾದ ಬಟ್ಟೆ, ಎಲ್ಲ ಕಾಗದಪತ್ರ ಕೈಚೀಲದಲ್ಲಿದ್ದರೆ ಸಾಕು.

ನಿಜವಾದ ಪರೀಕ್ಷೆ ರೈಲು ಇಳಿದ ಮೇಲೆ. ಬೆಂಗಳೂರಿನವರು ಇಂತಿಷ್ಟನೇ ಮೇನ್, ಇಂತಿಷ್ಟನೇ ಕ್ರಾಸ್ ಎಂದು ಹುಡುಕುವವರು. ಟೋಕಿಯೊದಲ್ಲಿ ಬಹುಪಾಲು ಬೀದಿಗಳಿಗೆ ಹೆಸರೇ ಇಲ್ಲ! ಅಲ್ಲಿನ ವಿಳಾಸದಲ್ಲಿ ಇರುವುದು ಬಡಾವಣೆಯ ಭಾಗದ ಅಂಕಿ, ಅದರೊಳಗಿನ ತುಂಡಿನ ಅಂಕಿ, ಕೊನೆಗೆ ಕಟ್ಟಡದ ಅಂಕಿ. ಮನೆಗಳ ಸಂಖ್ಯೆ ಬೀದಿಯುದ್ದಕ್ಕೂ ಸಾಲಾಗಿ ಸಾಗುವುದಿಲ್ಲ. ಫೋನಿನ ನಕ್ಷೆಯೇನೋ ದಾರಿ ತೋರಿಸುತ್ತದೆ. ಆದರೆ ಹೊಸ ಸಿಮ್ ಸಿಕ್ಕದಿದ್ದರೆ, ಬ್ಯಾಟರಿ ಮುಗಿದರೆ? ಆಗ ಕೈಹಿಡಿಯುವುದು ಜಪಾನಿ ಲಿಪಿಯಲ್ಲಿ ವಿಳಾಸ ಮತ್ತು ಫೋನ್ ನಂಬರ್ ಬರೆದ ಒಂದು ಚೀಟಿ. ಅದನ್ನು ಹಿಡಿದು 'ಕೊಬಾನ್' ಎಂಬ ಪುಟ್ಟ ಪೊಲೀಸ್ ಚೌಕಿಗೆ ಹೋಗಬೇಕು. ಪೊಲೀಸರನ್ನು ಕಂಡರೆ ದೂರ ಸರಿಯುವ ಅಭ್ಯಾಸವನ್ನು ಅಲ್ಲಿ ಬಿಡಬೇಕು. ದಾರಿ ಹೇಳುವುದು ಅವರ ದಿನನಿತ್ಯದ ಕೆಲಸ. ಬಡಾವಣೆಯ ನಕ್ಷೆ ಅಲ್ಲಿಯೇ ಇರುತ್ತದೆ.

ಬಾಯಿ ತೆರೆಯುವುದು ಹೇಗೆ ಎನ್ನುವಿರಾ? 'ಸುಮಿಮಾಸೆನ್' ಅಂದರೆ 'ಕ್ಷಮಿಸಿ, ಸ್ವಲ್ಪ ಇಲ್ಲಿ ಕೇಳಿ' ಎಂದಂತೆ. ಆಮೇಲೆ ಚೀಟಿ ತೋರಿಸಿ 'ದೊಕೊ ದೆಸು ಕಾ' ಅಂದರೆ 'ಎಲ್ಲಿದೆ?' ಎಂದು ಕೇಳಿದಂತೆ. ಕನ್ನಡಿಗರಿಗೆ ಇನ್ನೊಂದು ಅನುಕೂಲವಿದೆ. 'ಬೆಂಗಳೂರು ಕಾರಾ ಕಿಮಾಶಿತಾ' ಎಂದರೆ 'ಬೆಂಗಳೂರಿನಿಂದ ಬಂದೆ'. 'ಕಾರಾ' ಎಂಬುದು ನಮ್ಮ 'ಇಂದ' ಪ್ರತ್ಯಯದಂತೆ ಹೆಸರಿನ ಬೆನ್ನಿಗೆ ಬರುತ್ತದೆ, ಕ್ರಿಯಾಪದ ಕನ್ನಡದಂತೆಯೇ ಕೊನೆಗೆ ಬರುತ್ತದೆ, 'ನಾನು' ಎಂದು ಹೇಳಲೇಬೇಕೆಂದಿಲ್ಲ. ಇಂಗ್ಲಿಷಿನ ಮೂಲಕ ತಲೆಕೆಳಗಾಗಿ ಯೋಚಿಸುವ ಬದಲು ಕನ್ನಡದಲ್ಲೇ ಯೋಚಿಸಿ ಪದ ಬದಲಿಸಿದರೆ ವಾಕ್ಯ ತಾನಾಗಿ ನಿಲ್ಲುತ್ತದೆ. ತಪ್ಪಾದರೂ ನಷ್ಟವಿಲ್ಲ. ಸುಮ್ಮನಿದ್ದರೆ ಮಾತ್ರ ನಷ್ಟ. ಸಂಕೋಚಪಟ್ಟು ಒಂದೇ ಬೀದಿಯನ್ನು ಗಂಟೆಗಟ್ಟಲೆ ಸುತ್ತುವವರು ಮುಂದೆ ತರಗತಿಯಲ್ಲೂ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುವ ಅಪಾಯವಿದೆ.

ಇಷ್ಟನ್ನೆಲ್ಲ ದಾಟಿ ಹುಡುಗಿ ಮಧ್ಯಾಹ್ನ 12ಕ್ಕೆ ಶಾಲೆಯ ಬಾಗಿಲು ತಟ್ಟಿದಳು ಎನ್ನಿ. ಹಾಸನದಲ್ಲಿ ಆಗ ಬೆಳಿಗ್ಗೆ ಎಂಟೂವರೆ. ತಿಂಡಿ ಮುಟ್ಟದೆ ಫೋನ್ ಮುಂದೆ ಕೂತ ಅಪ್ಪನಿಗೆ ಬೇಕಾದದ್ದು ವ್ಯಾಕರಣವಲ್ಲ, ಎರಡು ಪದ: 'ತಲುಪಿದೆ ಅಪ್ಪಾ.'