ಕಾಲ್ನಡೆಯವರ ಹಾದಿ

ದೊಡ್ಡ ನಗರಗಳಲ್ಲಿ ಕಾಲ್ನಡೆಯವರ ಮೇಲೆ ಒಂದು ಆಕ್ಷೇಪಣೆಯು ಪದೇ ಪದೇ ಕೇಳಿಬರುತ್ತಿರುವುದು. ಹೇರಳವಾಗಿ ಹಣ ವೆಚ್ಚಮಾಡಿ ಸ್ಕೈವಾಕುಗಳನ್ನು ಕಟ್ಟಿಸಿದ್ದರೂ ಜನರು ಅವನ್ನು ಏರದೆ, ನಡುರಸ್ತೆಯ ತಡೆಗೋಡೆಯನ್ನು ಹಾರಿಯೋ ಅದರ ಸಂದಿಯಲ್ಲಿ ನುಸುಳಿಯೋ ದಾಟುವರೆಂಬುದೇ ಆ ಆಕ್ಷೇಪಣೆ. ಇದು ಶಿಸ್ತಿಲ್ಲದ ಜನರ ದೋಷವೆಂದು ಹೇಳಿ ಕೈತೊಳೆದುಕೊಳ್ಳುವುದು ಅಧಿಕಾರಿಗಳಿಗೆ ಸುಲಭ. ಆದರೆ ದೋಷವು ನಿಜವಾಗಿ ಯಾರದೆಂಬುದನ್ನು ವಿಚಾರಿಸದೆ ತೀರ್ಪು ಕೊಡುವುದು ನ್ಯಾಯವಲ್ಲ.

ನಗರದೊಳಗೆ ನಡೆಯುವವರು ತಮ್ಮ ಹಾದಿಯನ್ನು ಹೇಗೆ ಆರಿಸಿಕೊಳ್ಳುವರೆಂಬ ವಿಷಯದಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಸಂಶೋಧಕರು 2021ರಲ್ಲಿ ಒಂದು ಮುಖ್ಯವಾದ ಅಧ್ಯಯನವನ್ನು ಪ್ರಕಟಿಸಿದರು. ಬಾಸ್ಟನ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೊ ಪ್ರದೇಶಗಳ 14,000ಕ್ಕೂ ಹೆಚ್ಚು ಜನರ ಸುಮಾರು ಐದೂವರೆ ಲಕ್ಷ ನಡಿಗೆಗಳನ್ನು, ಹೆಸರುಗಳನ್ನು ಮರೆಮಾಡಿ, ಮೊಬೈಲ್ ಫೋನುಗಳ ದಾಖಲೆಗಳಿಂದ ಅವರು ಪರಿಶೀಲಿಸಿದ್ದರು. ಜನರು ಸಾಮಾನ್ಯವಾಗಿ ಅತ್ಯಂತ ಹತ್ತಿರದ ಹಾದಿಯನ್ನೇ ಹಿಡಿಯುವುದಿಲ್ಲವೆಂಬುದು ಇದರಿಂದ ಗೊತ್ತಾಯಿತು. ಸೇರಬೇಕಾದ ಸ್ಥಳವು ಯಾವ ದಿಕ್ಕಿನಲ್ಲಿದೆಯೋ ಆ ದಿಕ್ಕಿಗೆ ಹೆಚ್ಚು ನೇರವಾಗಿ ಮುಖಮಾಡಿರುವ ಬೀದಿಯನ್ನು ಅವರು ಹಿಡಿಯುವರು. ಅದರಿಂದ ಒಟ್ಟು ದೂರವು ತುಸು ಹೆಚ್ಚಿದರೂ ಲೆಕ್ಕಿಸುವುದಿಲ್ಲ. ಆದಕಾರಣವೇ ಹೋಗುವಾಗಿನ ಹಾದಿಯೂ ಮರಳುವಾಗಿನ ಹಾದಿಯೂ ಅನೇಕ ಸಲ ಬೇರೆಬೇರೆಯಾಗಿರುವುವು.

ಗುರಿಯ ಕಡೆಗೆ ಮುಖವಿಟ್ಟು ನಡೆಯುವ ಈ ಸ್ವಭಾವವನ್ನು ನೆನೆದರೆ ಸ್ಕೈವಾಕಿನ ಸಮಸ್ಯೆಯು ತಾನಾಗಿಯೇ ತಿಳಿಯಾಗುತ್ತದೆ. ಎದುರಿಗೇ ಕಾಣುವ ಬಸ್ ನಿಲ್ದಾಣವನ್ನು ಸೇರಲು ಅದಕ್ಕೆ ಬೆನ್ನುಮಾಡಿ ನಡೆದು, ವಾಹನಗಳ ನೆತ್ತಿಗಿಂತ ಎತ್ತರಕ್ಕೆ ಮೆಟ್ಟಿಲೇರಿ, ಮತ್ತೆ ಅಷ್ಟೇ ಇಳಿದು ಬರಬೇಕೆಂದರೆ ಹೊರೆ ಹೊತ್ತ ಹೆಂಗಸು, ಮಂಡಿ ನೋಯುವ ಮುದುಕ ಇವರಿಗೆ ಅದು ಸೌಕರ್ಯವಲ್ಲ, ಶಿಕ್ಷೆ. ವಾಹನಗಳು ಅತಿವೇಗದಿಂದ ಓಡುವ ಹೆದ್ದಾರಿಗಳಲ್ಲಿ ಮೇಲ್ಸೇತುವೆಯೋ ಸುರಂಗವೋ ಬೇಕಾಗಬಹುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಗರದ ಒಳರಸ್ತೆಗಳಲ್ಲಿಯೂ ವಾಹನಗಳು ಒಂದು ನಿಮಿಷ ನಿಲ್ಲಬಾರದೆಂದು ಮನುಷ್ಯರನ್ನು ಮಹಡಿ ಹತ್ತಿಸುವುದು ಯಾವ ನ್ಯಾಯ?

ಇನ್ನೊಂದು ಮಾತನ್ನೂ ಗಮನಿಸತಕ್ಕದ್ದು. ಆರಿಸಿಕೊಳ್ಳಬೇಕಾದರೆ ಮೊದಲು ಹಾದಿಗಳಿರಬೇಕಷ್ಟೆ. ಬೆಂಗಳೂರಿನಲ್ಲಿ ನಡೆಯುವವನು ದಿಕ್ಕನ್ನು ನೋಡುವುದಕ್ಕಿಂತ ಕಾಲಕೆಳಗಿನ ಚಪ್ಪಡಿಯನ್ನು ನೋಡಿಯೇ ಹೆಜ್ಜೆಯಿಡಬೇಕಾಗಿದೆ. ಫುಟ್‌ಪಾತಿನ ಮೇಲೆ ವಿದ್ಯುತ್ ಟ್ರಾನ್ಸ್‌ಫಾರ್ಮರು, ನಿಲ್ಲಿಸಿದ ಸ್ಕೂಟರುಗಳು, ಜಲ್ಲಿಯ ರಾಶಿ. ಇವುಗಳ ನಡುವೆ ಹಾದಿ ತಪ್ಪಿದವನು ವಾಹನಗಳ ಪ್ರವಾಹಕ್ಕೇ ಇಳಿಯಬೇಕು. ಕತ್ತಲಾದ ಮೇಲೆ ಸ್ತ್ರೀಯರು ದೀಪವೂ ತೆರೆದ ಅಂಗಡಿಗಳೂ ಇರುವ ಬೀದಿಯನ್ನು ಹುಡುಕಿ ಸುತ್ತಿ ಹೋಗುವುದುಂಟು. ಇದನ್ನು ಆಯ್ಕೆಯೆನ್ನುವುದಕ್ಕಿಂತ ನಿರ್ಬಂಧವೆನ್ನುವುದೇ ಸರಿ.

ಇದರ ಫಲವು ಘೋರವಾದುದು. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಜನ. ಅವರಲ್ಲಿ 32,825 ಜನರು ಕಾಲ್ನಡೆಯವರು. ಅಂದರೆ ಐವರಲ್ಲಿ ಹೆಚ್ಚುಕಡಮೆ ಒಬ್ಬರು. ತಡೆಯಿಲ್ಲದೆ ನಡೆಯಲು ಕಡಮೆಯೆಂದರೆ 1.8 ಮೀಟರ್ ಅಗಲದ ಸ್ಥಳವಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 2012ರಲ್ಲಿಯೇ ವಿಧಿಸಿದೆ. ಒಳ್ಳೆಯ ಫುಟ್‌ಪಾತನ್ನು ಹೊಂದುವುದು ಸಂವಿಧಾನದ 21ನೆಯ ವಿಧಿಯೊಳಗೆ ಸೇರಿದ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಸಾರಿದೆ. ನಿಯಮಕ್ಕೆ ಕೊರತೆಯಿಲ್ಲ; ಅದನ್ನು ನೆಲಕ್ಕಿಳಿಸುವ ಮನಸ್ಸಿಗೆ ಮಾತ್ರ ಕೊರತೆ. ಬೆಂಗಳೂರಿನ ನಡುಭಾಗದ ಕೆಲವು ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆಯಂತೆ ತಂತಿ ಕೊಳವೆಗಳನ್ನು ನೆಲದೊಳಗಿಟ್ಟು ವಿಶಾಲವಾದ ಫುಟ್‌ಪಾತುಗಳನ್ನು ನಿರ್ಮಿಸಿದುದನ್ನು ನೋಡಿದವರಿಗೆ, ಈ ಕೆಲಸವು ಅಸಾಧ್ಯವೆಂಬ ಮಾತು ಒಪ್ಪಿತವಾಗಲಾರದು.

ಆದುದರಿಂದ ನಮ್ಮ ಸೂಚನೆಯು ಇಷ್ಟೆ. ಸ್ಕೈವಾಕಿನ ನಕ್ಷೆಯನ್ನು ಬರೆಯುವ ಮುಂಚೆ ಇಂಜಿನಿಯರರು ಆ ಸ್ಥಳದಲ್ಲಿ ನಿಂತು ಜನರು ಎಲ್ಲಿ ದಾಟುವರೆಂಬುದನ್ನು ಎಣಿಸಲಿ. ಸಾಧ್ಯವಾದಲ್ಲೆಲ್ಲ ಅಲ್ಲಿಯೇ, ನೆಲದ ಮಟ್ಟದಲ್ಲಿ, ಸಿಗ್ನಲ್ ದೀಪದೊಡನೆ ದಾಟುವ ಏರ್ಪಾಡಾಗಲಿ. ಒಂದು ವಾರ್ಡಿನ ಶಾಲೆ, ಸಂತೆ, ಆಸ್ಪತ್ರೆ, ಬಸ್ ನಿಲ್ದಾಣಗಳನ್ನು ಕೂಡಿಸುವ ಫುಟ್‌ಪಾತುಗಳು ನಡುವೆ ಎಲ್ಲಿಯೂ ಕಡಿಯದಿರಲಿ. ತೆರಿಗೆ ಕೊಡುವ ಪ್ರಜೆಯು ವಾಹನವಿಲ್ಲದವನಾದ ಮಾತ್ರಕ್ಕೆ ರಸ್ತೆಯ ಮೇಲಿನ ಹಕ್ಕನ್ನು ಕಳೆದುಕೊಳ್ಳುವುದಿಲ್ಲ. ನಗರಪಾಲಿಕೆಗಳು ಜನರ ನಡಿಗೆಯನ್ನು ತಿದ್ದಹೊರಡುವ ಮೊದಲು ತಮ್ಮ ನಕ್ಷೆಗಳನ್ನು ತಿದ್ದಿಕೊಳ್ಳಬೇಕೆಂದು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ.