ಬಲೆ ಬೇಡ, ಹಳೇ ಪೇಪರ್ ಸಾಕು

ಪೇರಲ ಹಣ್ಣಾಯ್ತು ಅಂದ್ರೆ ಗಿಳಿ, ಪಿಕಳಾರ ಬರೋದೇ. "ಬಲೆ ಹಾಕಿಬಿಡ್ರಿ" ಅಂತ ಹಲವರು ಹೇಳ್ತಾರೆ. ಮನೆಯ ಗಿಡಕ್ಕೆ ಬಲೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಸಡಿಲವಾಗಿ ಹೊದಿಸಿದ ನೈಲಾನ್ ಬಲೆಯಲ್ಲಿ ಹಕ್ಕಿಯ ಕಾಲು ಸಿಕ್ಕರೆ, ಒದ್ದಾಡಿದಷ್ಟೂ ದಾರ ಬಿಗಿಯುತ್ತದೆ. ಹಾವುಗಳೂ ಸಿಕ್ಕಿಕೊಂಡು ಸಾಯುತ್ತವೆ. ಹಣ್ಣು ಕುಕ್ಕುವ ಅದೇ ಪಿಕಳಾರ ತನ್ನ ಮರಿಗಳಿಗೆ ಹುಳ ಹಿಡಿದು ತಿನ್ನಿಸುತ್ತದೆ.

ಹಣ್ಣು ಕೆಡಿಸೋದು ಹಕ್ಕಿ ಮಾತ್ರ ಅಲ್ಲ. ಹಣ್ಣುನೊಣದ ಹೆಣ್ಣು ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಹುಳ ತಿರುಳಿನಲ್ಲೇ ಬೆಳೆಯುತ್ತದೆ. ನಮ್ಮ ಸೊಲ್ಲಾಪುರ, ಜತ್ತ ಕಡೆಯ ದಾಳಿಂಬೆಗೆ ತೂತು ಕೊರೆಯೋದು ಒಂದು ಚಿಟ್ಟೆಯ ಮರಿಹುಳ. ಹಕ್ಕಿಬಲೆಯ ಕಣ್ಣಿನಲ್ಲಿ ನೊಣ ಸರಾಗವಾಗಿ ನುಸುಳುತ್ತದೆ. ಒಳಸೇರಿದ ಹುಳಕ್ಕೆ ಹೊರಗಿನಿಂದ ಹೊಡೆದ ಔಷಧ ಸರಿಯಾಗಿ ತಟ್ಟುವುದಿಲ್ಲ. ಆ ಹಣ್ಣು ತಿನ್ನೋರು ನಾವೇ ಅಲ್ವಾ?

ಹಾಗಾದ್ರೆ ಏನ್ ಮಾಡೋದು? ಪೇರಲಕಾಯಿ ನಿಂಬೆಹಣ್ಣಿನಷ್ಟಾದಾಗ 2 ಪದರದ ಹಳೇ ಪೇಪರ್ ಚೀಲ ತೊಡಿಸಿ, ತೊಟ್ಟಿನ ಹತ್ತಿರ ದಾರ ಕಟ್ಟಿ. ಮಳೆಗಾಲದಲ್ಲಿ ಹಳೇ ತೆಳು ಸೀರೆಯ ಚೀಲ ಒಳ್ಳೇದು. ಬಿದ್ದ ಹಣ್ಣನ್ನು ಅಲ್ಲೇ ಬಿಡಬೇಡಿ. ಹುಳ ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಹೊರಬರುತ್ತದೆ. ಆ ಹಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡಿ.

ದೊಡ್ಡ ತೋಟದವರಿಗೆ ಒಂದೊಂದು ಕಾಯಿಗೂ ಚೀಲ ಕಟ್ಟೋದು ಕೂಲಿಯ ಭಾರ, ನಿಜ. ಆದರೆ ಅಂಗಳದ ಒಂದೆರಡು ಗಿಡಕ್ಕೆ ಭಾನುವಾರದ ಒಂದು ತಾಸು ಸಾಕು. ಕೈಗೆಟುಕದ ಕೊಂಬೆಯ ಹಣ್ಣು ಹಕ್ಕಿಗಿರಲಿ.

ನಾನು ಹೇಳಿದೆ ಅಂತ ನಂಬಬೇಡಿ. ಒಂದೇ ಗಿಡದಲ್ಲಿ 10 ಕಾಯಿಗೆ ಚೀಲ ಕಟ್ಟಿ, 10 ಹಾಗೇ ಬಿಡಿ. ಹಣ್ಣಾದ ಮೇಲೆ ಕೊಯ್ದು, ಹೆಚ್ಚಿ ನೋಡಿ, ಎಣಿಸಿ.