ಮೂರು ಪಂದ್ಯಗಳ ಸಡಗರ, ಮುಗಿಯದ ಲೆಕ್ಕ

ದಿಲ್ಲಿಯ ನೆರೆಯ ಗ್ರೇಟರ್ ನೋಯ್ಡಾದಲ್ಲಿ ಐದು ಕಿಲೋಮೀಟರಿಗೂ ಮಿಕ್ಕಿದ ಬುದ್ಧ ಅಂತರರಾಷ್ಟ್ರೀಯ ಮೋಟಾರು ಪಥವಿದೆ. 2011ರ ಅಕ್ಟೋಬರ್ 30ರಂದು ಭಾರತದ ಪ್ರಥಮ ಫಾರ್ಮುಲಾ ಒನ್ ಪಂದ್ಯ ಅಲ್ಲಿ ಜರುಗಿದಾಗ, ರಾಷ್ಟ್ರವೇ ಮುಂದಕ್ಕೆ ಧಾವಿಸಿತೆಂದು ಹರ್ಷಿಸಿದವರು ಬಹು ಮಂದಿ. 2012 ಮತ್ತು 2013ರಲ್ಲಿಯೂ ಪಂದ್ಯ ನಡೆಯಿತು. ಮೂರನ್ನೂ ಜರ್ಮನಿಯ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದರು. ಆನಂತರ ಫಾರ್ಮುಲಾ ಒನ್ ಇತ್ತ ಸುಳಿಯಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬಂದ ಮೋಟೋಜಿಪಿ ಮೋಟಾರು ಸೈಕಲ್ ಪಂದ್ಯವೂ ಮರುವರ್ಷ ಮರಳಲಿಲ್ಲ.

ತೆರಿಗೆಯೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಉತ್ತರ ಪ್ರದೇಶ ಸರಕಾರವು ಇದನ್ನು ಕ್ರೀಡೆಯೆನ್ನದೆ ಮನೋರಂಜನೆಯೆಂದು ಪರಿಗಣಿಸಿತು. ಇಲ್ಲಿ ಗಳಿಸಿದ ಆದಾಯಕ್ಕೆ ಪಂದ್ಯದ ವಿದೇಶೀ ಒಡೆಯರು ಇಲ್ಲಿಯೇ ತೆರಿಗೆ ತೆರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿತು. ಇದರಲ್ಲಿ ನಮಗೆ ಅನ್ಯಾಯವೇನೂ ಕಾಣದು. ಗಲ್ಲೆಯ ಮೇಲೆ ಕುಳಿತ ಸಣ್ಣ ಹೋಟೆಲಿನವನೂ ತೆರಿಗೆ ಕಟ್ಟಿಯೇ ವ್ಯಾಪಾರ ಮಾಡುತ್ತಾನೆ.

ನಿಜವಾದ ದೋಷ ಮೂಲದ ಲೆಕ್ಕದಲ್ಲಿದೆ. ಜಾತ್ರೆಯ ಮೂರು ದಿನದ ಗಿರಾಕಿಗಳನ್ನು ನೆಚ್ಚಿ ಯಾರೂ ವರ್ಷದ ಬಾಡಿಗೆಗೆ ಅಂಗಡಿ ಹಿಡಿಯುವುದಿಲ್ಲ. ಇಲ್ಲಿ ಪಥದೊಡನೆ ಒಂದು ನಗರವನ್ನೇ ಕಟ್ಟುವ ಯೋಜನೆಯಿತ್ತು. ಬಾಕಿ ಸಂದಾಯವಾಗಲಿಲ್ಲವೆಂದು ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರವು 2020ರಲ್ಲಿ ಸುಮಾರು 1,000 ಹೆಕ್ಟೇರ್ ಭೂಮಿಯ ಹಂಚಿಕೆಯನ್ನು ರದ್ದುಪಡಿಸಿತು. 2025ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಈ ನಡುವೆ ಅಲ್ಲಿ ಮನೆಗೆಂದು ಹಣ ತೆತ್ತವರು ವರ್ಷಗಟ್ಟಲೆ ಕಾದರು. ಕಂತು ಕಟ್ಟಿ ಸೂರು ಬಯಸುವ ಗುಮಾಸ್ತರ ಕಷ್ಟ ಎಂಥದೆಂದು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಕುದುರೆ ಪಂದ್ಯದ ಸಂಗತಿ ಬೇರೆ. 1940ರಲ್ಲಿ ಸ್ಥಾಪಿತವಾದ ದಿಲ್ಲಿ ರೇಸ್ ಕ್ಲಬ್ಬು ದಶಕಗಳ ಕಾಲ ಪಂದ್ಯ ನಡೆಸಿದ್ದು ಬಾಜಿಯ ಬಲದಿಂದ. ಕುದುರೆ ಪಂದ್ಯವು ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಹೇಳಿದ್ದು ನಿಜ. ಆದರೆ ಪಣವಿಟ್ಟ ಪೂರ್ತಿ ಮೊಬಲಗಿನ ಮೇಲೆ 2023ರ ಅಕ್ಟೋಬರಿನಿಂದ ಶೇಕಡಾ 28ರಷ್ಟು ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 40 ಆಯಿತು. ಕುದುರೆ ಓಡುವ ಮುನ್ನವೇ ಬಡವನ ಸಂಬಳ ಸೋತಿರುತ್ತದೆ.

ಪಥವನ್ನು ಇನ್ನು ಯಾರೇ ನಡೆಸಲಿ, ಮೊದಲು ಮನೆಗಳನ್ನು ಒಪ್ಪಿಸುವ, ವರ್ಷವಿಡೀ ದುಡಿಮೆ ಒದಗಿಸುವ ಕರಾರು ಬರೆದುಕೊಡಲಿ ಎಂಬುದು ನಮ್ಮ ಆಗ್ರಹ. ದುಡಿಯುವ ಮಿತ್ರರು ಓಟವನ್ನು ನೋಡಿ ನಲಿಯಲಿ. ಊರಿಗೆ ಕಳುಹಿಸಬೇಕಾದ ಹಣವನ್ನು ಮಾತ್ರ ಓಡಲು ಬಿಡದಿರಲಿ.